ಘಟ್ಟ ಇಳಿದು ಕಡಲ ಬದಿಯಲ್ಲಿ ಮೊದಲ ದಿನ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಸಮುದ್ರ ಅಂದ್ರೆ ಮೇಲೆ ನಿಂತು ನೋಡುವಂಥದ್ದು. ತೀರ್ಥಹಳ್ಳಿಯವರು ಆಗುಂಬೆಯಲ್ಲಿ ಸೂರ್ಯ ಮುಳುಗುವಾಗ ನೋಡ್ತಾರೆ. ಹೊಸನಗರದವರು 1343 ಮೀಟರ್ ಎತ್ತರದ ಕೊಡಚಾದ್ರಿ ಹತ್ತಿ, ಮೋಡ ಇಲ್ಲದ ದಿನ ಪಶ್ಚಿಮಕ್ಕೆ ಕೈ ತೋರಿಸಿ, "ಅಲ್ಲಿ ಬೆಳ್ಳಗೆ ಹೊಳೀತದಲ್ಲ, ಅದೇ" ಅಂತಾರೆ. ಸಾಗರದವರದ್ದು ಇನ್ನೂ ತಮಾಷೆ. ಊರಿನ ಹೆಸರೇ ಸಾಗರ. ಆದರೆ ಆ ಹೆಸರು ಬಂದದ್ದು ಕೆಳದಿ ಅರಸರ ಕಾಲದ ಸದಾಶಿವಸಾಗರ ಅನ್ನುವ ಕೆರೆಯಿಂದ. ಈಗ ಅದನ್ನು ಗಣಪತಿ ಕೆರೆ ಅಂತೀವಿ. ಬೆಂಗಳೂರಿನ ಆಫೀಸಲ್ಲಿ "ನಿಮ್ಮೂರಲ್ಲಿ ಬೀಚ್ ಇದ್ಯಾ?" ಅಂತ ಕೇಳಿದವರಿಗೆಲ್ಲ ಇದನ್ನು ವಿವರಿಸಿ ವಿವರಿಸಿ ನನಗೆ ಬಾಯಿಪಾಠ ಆಗಿದೆ.

ನಮ್ಮ ಮೂರೂ ತಾಲ್ಲೂಕಿನಿಂದ ಸಮುದ್ರಕ್ಕೆ ತಪ್ಪದೆ ಹೋಗೋದು ಒಂದೇ, ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಮೇಲೆ ಹರಿದು, ಸಾಗರದ ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ 253 ಮೀಟರ್ ಬಿದ್ದು, ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು ದಾಟಿ, ಹೊನ್ನಾವರದಲ್ಲಿ ಕಡಲು ಸೇರ್ತದೆ. ಒಟ್ಟು ಸುಮಾರು 128 ಕಿಲೋಮೀಟರ್. ನಾವು ಮಾತ್ರ ಹೈಸ್ಕೂಲ್ ಟ್ರಿಪ್ಪಲ್ಲಿ ಒಂದು ಸಲ ಹೋಗಿ, ಪ್ಯಾಂಟ್ ಮಡಚಿ ಮೊಣಕಾಲುದ್ದ ನೀರಲ್ಲಿ ನಿಂತು ಫೋಟೋ ತೆಗೆಸಿಕೊಂಡು ವಾಪಸ್ ಬಂದವರು.

ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಮೂರು ದಿನ ರಜೆ ಸಿಕ್ಕಾಗ ತೀರ್ಮಾನ ಮಾಡಿದೆ. ಕುಮಟಾದಿಂದ ಗೋಕರ್ಣಕ್ಕೆ ಕಡಲ ಬದಿಯಲ್ಲೇ ನಡೆಯೋದು. ಈ ದಾರಿ ಚಾರಣ ಮಾಡುವವರಿಗೆ ಹೊಸದಲ್ಲ. ಶನಿವಾರ ಭಾನುವಾರ ಬೆಂಗಳೂರಿಂದ ತಂಡ ತಂಡವಾಗಿ ಬರ್ತಾರೆ. ನನಗೆ ತಂಡ ಬೇಡವಾಗಿತ್ತು. ವಾರವಿಡೀ ದಿನಕ್ಕೆ ಆರು ಮೀಟಿಂಗ್ ಮಾಡುವವಳಿಗೆ, "ಎಲ್ಲರೂ ನಿಮ್ಮ ನಿಮ್ಮ ಪರಿಚಯ ಹೇಳಿ" ಅನ್ನೋ ಟ್ರೆಕ್ ಲೀಡರ್ ಏಳನೇ ಮೀಟಿಂಗ್ ಥರ ಕಂಡ.

"ಒಬ್ಳೇನಾ?" ಅಂದಳು ಅಮ್ಮ.

ಆ ದಿನ ಶುರುವಾದ ಈ ಒಂದು ಪದದ ಪ್ರಶ್ನೆ ಮುಗಿಯಲೇ ಇಲ್ಲ. ಚಿಕ್ಕಮ್ಮ ಫೋನಲ್ಲಿ ಕೇಳಿದರು. ಪಕ್ಕದ ಮನೆಯವರು ಬೇಲಿ ಆಚೆಯಿಂದ ಕೇಳಿದರು. ಅಪ್ಪ ಮಾತ್ರ "ಬಸ್ಸು ಎಷ್ಟೊತ್ತಿಗೆ?" ಅಂತಷ್ಟೇ ಕೇಳಿದ್ದು. ಕೊನೆಗೆ ಅಮ್ಮನ ಜೊತೆ ಒಪ್ಪಂದ ಆಯ್ತು. ಫೋನಿನ ಲೈವ್ ಲೊಕೇಶನ್ ಆನ್ ಇರಬೇಕು, ಮೂರು ಹೊತ್ತು ಫೋನ್ ಮಾಡಬೇಕು, ಕತ್ತಲಾಗುವ ಮೊದಲು ಯಾವುದಾದರೂ ಮನೆ ಸೇರಿರಬೇಕು. ಉಳಿಯುವ ಹೋಂಸ್ಟೇಗೆ ಅವಳೇ ಫೋನ್ ಮಾಡಿ, ಅಲ್ಲಿನ ಅಕ್ಕನ ಹತ್ತಿರ ಅರ್ಧ ಗಂಟೆ ಮಾತಾಡಿ, ಇಬ್ಬರಿಗೂ ಬೇಕಾದ ಒಂದು ಸಂಬಂಧವನ್ನು ಸಿದ್ದಾಪುರದಲ್ಲಿ ಹುಡುಕಿಕೊಂಡ ಮೇಲೆ ಮುಖ ಸ್ವಲ್ಪ ಸಡಿಲಾಯ್ತು.

ಬೆಳಗಿನ ಹೊನ್ನಾವರದ ಬಸ್ಸು. ಆಧಾರ್ ತೋರಿಸಿದೆ, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಟ್ಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅದರ ಬಗ್ಗೆ ಜೋಕು, ಜಗಳ ಎಲ್ಲ ನೀವೂ ಕೇಳಿದ್ದೀರಿ. ನಾನು ಆ ದಿನ ಬಸ್ಸಿನೊಳಗೆ ಸುಮ್ಮನೆ ಲೆಕ್ಕ ಹಾಕಿದೆ. ಹೆಂಗಸರಲ್ಲಿ ಹನ್ನೊಂದು ಜನ ಒಬ್ಬೊಬ್ಬರೇ ಹೊರಟವರು. ಟಿಫಿನ್ ಬಾಕ್ಸ್ ಹಿಡಿದ ಟೀಚರ್, ಆಸ್ಪತ್ರೆಯ ಫೈಲ್ ಹಿಡಿದವರು, ಮಗಳ ಬಾಣಂತನಕ್ಕೆ ಹೊರಟವರು. ಯಾರೂ ಅವರನ್ನು "ಒಬ್ಳೇನಾ?" ಅಂತ ಕೇಳಲಿಲ್ಲ. ಇದನ್ನು ಆಗ ಗಮನಿಸಿದ್ದಷ್ಟೇ, ಅರ್ಥ ಆದದ್ದು ಸಂಜೆ ಹೊತ್ತಿಗೆ.

ತಾಳಗುಪ್ಪ, ಮಾವಿನಗುಂಡಿ ದಾಟಿದ ಮೇಲೆ ಘಾಟಿ. ತಿರುವು ಮುಗಿದು ಗೇರುಸೊಪ್ಪೆಗೆ ಇಳಿಯುವ ಹೊತ್ತಿಗೆ ಸ್ವೆಟರ್ ಬ್ಯಾಗಿಗೆ ಹೋಯ್ತು. ಅಲ್ಲಿಂದ ಮುಂದೆ ಶರಾವತಿ ರಸ್ತೆಯ ಪಕ್ಕದಲ್ಲೇ ಬರ್ತಾಳೆ. ನಮ್ಮೂರಲ್ಲಿ ನೋಡಿದ ಹೊಳೆ ಇದೇನಾ ಅನ್ನಿಸುವಷ್ಟು ಅಗಲ, ಅಷ್ಟೇ ಸಾವಧಾನ. ಹೊನ್ನಾವರದಲ್ಲಿ ಬಸ್ಸು ಬದಲಿಸಿ ಕುಮಟಾ ಮುಟ್ಟಿದಾಗ ಹತ್ತು ಗಂಟೆ.

ಕುಮಟಾ ಈಗ ಹೆದ್ದಾರಿ ಮೇಲಿನ ಒಂದು ಸಾಧಾರಣ ಪೇಟೆ ಥರ ಕಾಣ್ತದೆ. ಆದರೆ 19ನೇ ಶತಮಾನದಲ್ಲಿ ಇದು ಹೆಸರಾದ ಹತ್ತಿ ಬಂದರು. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಘಟ್ಟ ಇಳಿದು ಇಲ್ಲಿಂದ ಹಡಗು ಹತ್ತುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಾಗ ಈ ಕಡೆಯ ಹತ್ತಿಗೆ ಬೇಡಿಕೆ ಏರಿತು. 'ಕುಮಟಾ ಹತ್ತಿ' ಅಂತ ಮಾರುಕಟ್ಟೆಯಲ್ಲಿ ಒಂದು ಜಾತಿಗೇ ಹೆಸರಿತ್ತು. ಬೆಳೆದದ್ದು ಬಯಲುಸೀಮೆ, ಹೆಸರು ಬಂದರಿನದ್ದು.

ನಾನು ತಲುಪಿದಾಗ ಭರತದ ಹೊತ್ತು. ಅಮಾವಾಸ್ಯೆ ಹತ್ತಿರವಿತ್ತು, ನೀರು ಮರಳನ್ನೆಲ್ಲ ನುಂಗಿಕೊಂಡು ಮೇಲೆ ಬಂದಿತ್ತು. ಕಡಲ ಬದಿ ನಡೆಯುವವರಿಗೆ ಗೂಗಲ್ ಮ್ಯಾಪ್‌ಗಿಂತ ಮುಖ್ಯ ಈ ಲೆಕ್ಕ. ದಿನಕ್ಕೆ ಎರಡು ಭರತ, ಎರಡು ಇಳಿತ, ನಡುವೆ ಸುಮಾರು ಆರು ಗಂಟೆ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗ್ತಾ ಹೋಗ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಲ್ಲಿ ಏರೋದೂ ಹೆಚ್ಚು, ಇಳಿಯೋದೂ ಹೆಚ್ಚು. ಬೆಳಿಗ್ಗೆ ಬಂಡೆಯ ಬುಡದಲ್ಲಿ ಆರಾಮಾಗಿ ದಾಟಿದ ಜಾಗದಲ್ಲಿ ಸಂಜೆ ಎದೆಯುದ್ದ ನೀರಿರಬಹುದು. ಅದಕ್ಕೇ ಹಿಂದಿನ ರಾತ್ರಿಯೇ ಭರತ ಇಳಿತದ ಸಮಯ ನೋಡಿ, ಬಂಡೆ ಹೆಚ್ಚಿರುವ ಭಾಗ ಮಧ್ಯಾಹ್ನದ ಇಳಿತಕ್ಕೆ ಬರುವ ಹಾಗೆ ಲೆಕ್ಕ ಹಾಕಿದ್ದೆ. ಕೋಡ್ ಬರೆಯುವವರಿಗೆ ಇದು ಹೊಸದಲ್ಲ, ಯಾವುದು ಯಾವುದಕ್ಕೆ ಕಾಯಬೇಕು ಅನ್ನೋದೇ ಅರ್ಧ ಕೆಲಸ.

ಹೆಡ್ ಬಂದರಿನಿಂದ ವನ್ನಳ್ಳಿ, ಮಂಗೋಡ್ಲು, ಕಡ್ಲೆ, ಗುಡೆಅಂಗಡಿ, ಬಾಡ, ಕಾಗಾಲ, ಕೊನೆಗೆ ಅಘನಾಶಿನಿ. ಮೊದಲ ದಿನದ ದಾರಿ ಇದು. ಮರಳು, ಆಮೇಲೆ ಗುಡ್ಡ, ಮತ್ತೆ ಮರಳು, ಮತ್ತೆ ಗುಡ್ಡ. ಗುಡ್ಡ ಅಂದರೆ ನಮ್ಮ ಕಡೆಯ ಕಾಡುಗುಡ್ಡ ಅಲ್ಲ. ಮನೆ ಕಟ್ಟಲು ನಾವು ತರಿಸುವ ಜಂಬಿಟ್ಟಿಗೆ ಕಲ್ಲು ಇದೆಯಲ್ಲ, ಅದೇ ಕೆಂಪು ಕಲ್ಲಿನ ಬೋಳು ಹಾಸು. ಒಣ ಹುಲ್ಲು, ಗಿಡ್ಡ ಮುಳ್ಳು, ಅಂಚಿಗೆ ಬಂದರೆ ಕೆಳಗೆ ಕಪ್ಪು ಬಂಡೆ, ಬಂಡೆಗೆ ನೀರು ಬಡಿಯುವ ಸದ್ದು. ಮರಳಿನ ಮೇಲ್ಭಾಗದಲ್ಲಿ ನೇರಳೆ ಹೂವಿನ ಒಂದು ಬಳ್ಳಿ ಹಬ್ಬಿರ್ತದೆ, ಎಲೆ ಆಡಿನ ಗೊರಸಿನ ಹಾಗೆ ಸೀಳಿರ್ತದೆ. ಮರಳು ಗಾಳಿಗೆ ಹಾರದ ಹಾಗೆ ಹಿಡಿದಿಡೋದು ಅದೇ. ಅದರ ಮೇಲೆ ಕಾಲಿಟ್ಟು ಹೋಗಬೇಡಿ. ಚಳಿಗಾಲದಲ್ಲಿ ಈ ಕರಾವಳಿಯ ಮರಳಲ್ಲಿ ಕಡಲಾಮೆಗಳು ಮೊಟ್ಟೆ ಇಡ್ತಾವೆ. ಬೇಲಿ ಹಾಕಿದ ಜಾಗ ಕಂಡರೆ ದೂರದಿಂದಲೇ ಸುತ್ತಿ ಹೋಗಿ.

ಒಂದು ಕಡೆ ಕೈರಂಪಣಿ ಎಳೆಯುತ್ತಿದ್ದರು. ಸಣ್ಣ ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ಎರಡೂ ತುದಿಯನ್ನು ದಡದಲ್ಲಿ ನಿಂತು ಎಳೆಯೋದು. ಹಿಂದೆ ದೊಡ್ಡ ರಂಪಣಿ ಎಳೆಯಲು ಇಡೀ ಕೇರಿಯೇ ಸೇರುತ್ತಿತ್ತಂತೆ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಮೀನಿನ ಹಿಂಡನ್ನು ಆಳದಲ್ಲೇ ಸುತ್ತುಹಾಕಿ ಹಿಡಿಯಲು ಶುರುಮಾಡಿದ ಮೇಲೆ ದಡಕ್ಕೆ ಬರುವ ಮೀನು ಕಡಿಮೆಯಾಗಿ, ದೊಡ್ಡ ರಂಪಣಿಗಳು ಮೂಲೆ ಸೇರಿದವು. ಉಳಿದದ್ದು ಈ ಕೈರಂಪಣಿ. ಹಗ್ಗದ ತುದಿಯಲ್ಲಿ ಜಾಗ ಇತ್ತು. "ಹಿಡೀತ್ರಾ?" ಅಂದರು. ಹಿಡಿದೆ. ಹತ್ತು ನಿಮಿಷಕ್ಕೆ ಅಂಗೈ ಕೆಂಪಾಯ್ತು. ಬಲೆಯಲ್ಲಿ ಬಂದದ್ದು ಎರಡು ಬುಟ್ಟಿಯಷ್ಟು ತಾರ್ಲೆ, ಹೆಸರು ಗೊತ್ತಿಲ್ಲದ ಸಣ್ಣ ಮೀನು, ಮತ್ತೆ ಒಂದು ರಾಶಿ ಪ್ಲಾಸ್ಟಿಕ್. ಹಿರಿಯರೊಬ್ಬರು ಪ್ಲಾಸ್ಟಿಕ್ಕನ್ನು ಬೇರೆ ಮಾಡುತ್ತಾ "ಇದು ನಿಮ್ಮ ಘಟ್ಟದ ಮೇಲಿಂದ ಬಂದದ್ದು" ಅಂದರು. ನಗುತ್ತಲೇ ಅಂದದ್ದು. ಆದರೂ ಹೊಳೆಗಳೆಲ್ಲ ಯಾವ ಕಡೆಯಿಂದ ಯಾವ ಕಡೆಗೆ ಹರೀತಾವೆ ಅಂತ ನನಗೂ ಗೊತ್ತಲ್ಲ. ಸುಮ್ಮನಾದೆ.

ನೀರಿಗೆ ಇಳಿಯೋ ವಿಷಯ ಇಲ್ಲೇ ಹೇಳಿಬಿಡ್ತೇನೆ. ನಾನು ನಡೆದ ದಾರಿಯಲ್ಲಿ ಜೀವರಕ್ಷಕರು ಒಬ್ಬರೂ ಕಾಣಲಿಲ್ಲ. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಕೆರೆ, ಹೊಳೆಯಲ್ಲಿ ಈಜು ಕಲಿತ ನಮ್ಮಂಥವರಿಗೆ ಕಡಲಿನ ಎಳೆತ ಗೊತ್ತಿರೋದಿಲ್ಲ. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ ಅದು ಒಳ್ಳೆಯ ಜಾಗ ಅಲ್ಲ, ದಡಕ್ಕೆ ಬಂದ ನೀರು ವಾಪಸ್ ಒಳಗೆ ಓಡುವ ದಾರಿ ಅದಾಗಿರಬಹುದು. ಅದರಲ್ಲಿ ಸಿಕ್ಕಿದರೆ ದಡದ ಕಡೆಗೇ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಒಬ್ಬರೇ ಹೋದಾಗ ಇಷ್ಟೂ ಬೇಡ. ಪಾದ ನೆನೆಸಿ ಸಾಕು.

ಬಾಡದ ಹತ್ತಿರ ಊಟ ಮಾಡಿ ಹೊರಟಾಗ ಎರಡು ಗಂಟೆ. ಮುಂದೆ ಒಂದು ಗಾಳಿಮರದ ತೋಪು. ಬಿಸಿಲಿಗೆ ಜನವೇ ಇಲ್ಲ. ತೋಪಿನೊಳಗೆ ಒಂದು ಬೈಕು, ಇಬ್ಬರು ಹುಡುಗರು, ಮೂರ್ನಾಲ್ಕು ಬಾಟಲಿ. ನಾನು ದಾಟಿ ಹೋದೆ. ಸ್ವಲ್ಪ ಹೊತ್ತಿಗೆ ಬೈಕು ಸ್ಟಾರ್ಟ್ ಆದ ಸದ್ದು. ಪಕ್ಕಕ್ಕೆ ಬಂದು ನಿಧಾನ ಮಾಡಿ ಒಬ್ಬ ಕೇಳಿದ, "ಒಬ್ರೇನಾ ಮೇಡಂ?"

ಅದೇ ಪ್ರಶ್ನೆ. ಅಮ್ಮ ಕೇಳಿದ್ದೂ ಇದೇ.

"ಇಲ್ಲ, ನಮ್ಮವರು ಹಿಂದೆ ಬರ್ತಿದ್ದಾರೆ, ಆರು ಜನ" ಅಂದೆ. ಫೋನ್ ಕಿವಿಗಿಟ್ಟು "ಹಾಂ, ಇಲ್ಲೇ ಇದ್ದೇನೆ, ಬನ್ನಿ" ಅಂತ ಜೋರಾಗಿ ಮಾತಾಡ್ತಾ, ಮರಳು ಬಿಟ್ಟು, ದೂರದಲ್ಲಿ ಹಂಚಿನ ಮನೆಗಳು ಕಾಣ್ತಿದ್ದ ಕಡೆಗೆ ತಿರುಗಿ ನಡೆದೆ. ಫೋನಿನಲ್ಲಿ ಆ ಕಡೆ ಯಾರೂ ಇರಲಿಲ್ಲ. ಬೈಕು ಸ್ವಲ್ಪ ದೂರ ಬಂದು, ನಿಂತು, ತಿರುಗಿ ಹೋಯ್ತು.

ಏನೂ ಆಗಲಿಲ್ಲ. ಅವರಿಗೆ ಕುತೂಹಲ ಅಷ್ಟೇ ಇದ್ದಿರಬಹುದು. ಆದರೆ ಆ ಹತ್ತು ನಿಮಿಷ ನಾನು ಸಮುದ್ರ ನೋಡಲಿಲ್ಲ. ಮನೆ ಎಷ್ಟು ದೂರ, ನೆಟ್‌ವರ್ಕ್ ಎಷ್ಟು ಕಡ್ಡಿ ಇದೆ, ಬ್ಯಾಗಿನ ಯಾವ ಖಾನೆಯಲ್ಲಿ ವಿಸಿಲ್ ಇದೆ, 112 ಒತ್ತಿದರೆ ಯಾರು ಎಷ್ಟೊತ್ತಿಗೆ ಬಂದಾರು, ಇದೇ ಲೆಕ್ಕ. ಈ ಅಂಕಣ ಓದುವ ಗಂಡಸರಿಗೆ ಒಂದು ಮಾತು. ನಿಮ್ಮ ಪ್ರವಾಸದ ಖರ್ಚಿನಲ್ಲಿ ಈ ಹತ್ತು ನಿಮಿಷ ಇರೋದಿಲ್ಲ. ನಮ್ಮ ಖರ್ಚಿನಲ್ಲಿ ಯಾವಾಗಲೂ ಇರ್ತದೆ, ಮೊದಲೇ ಸೇರಿಸಿಕೊಂಡೇ ಹೊರಡ್ತೇವೆ.

ಮೊದಲು ಸಿಕ್ಕ ಮನೆಯ ಅಂಗಳದಲ್ಲಿ ಒಬ್ಬರು ಒಣಮೀನು ಮಗುಚುತ್ತಿದ್ದರು. ಅಮ್ಮನಿಗಿಂತ ಸ್ವಲ್ಪ ದೊಡ್ಡ ವಯಸ್ಸು. ನೀರು ಕೇಳಿದೆ. ತಂಬಿಗೆ ಕೊಟ್ಟು, ಒಂದು ಬೆಲ್ಲದ ತುಂಡೂ ಕೊಟ್ಟು, "ಯಾವೂರಾಯ್ತು?" ಅಂದರು.

"ಸಾಗರ."

"ಘಟ್ಟದ ಮೇಲ್ನವ್ರಾ. ಒಬ್ಳೇ ಬಂದದ್ದಾ ತಂಗಿ?"

ಈ ಸಲ ನಾನೇ ತಿರುಗಿ ಕೇಳಿದೆ, "ನೀವು ಮೀನು ತರೋಕೆ ಯಾರ ಜೊತೆ ಹೋಗ್ತೀರಿ?"

"ನಾನಾ? ಬೆಳಗಾಮುಂಚೆ ನಾಕು ಗಂಟೆಗೆ ಬಂದರಿಗೆ ಹೋಗೂದು. ಆಮೇಲೆ ಬುಟ್ಟಿ ಹೊತ್ಕಂಡು ಮನೆ ಮನೆಗೆ. ಮೂವತ್ತು ವರ್ಷಾಯ್ತು. ಒಬ್ಳೇ."

"ಹೆದರಿಕೆ ಆಗೋದಿಲ್ವಾ?"

ಅವರು ನನ್ನ ಮುಖ ನೋಡಿ ನಕ್ಕರು. "ಕೆಲ್ಸಕ್ಕೆ ಹೋಗೂದಲ್ದಾ ಮಾರಾಯ್ತಿ. ಕೆಲ್ಸಕ್ಕೆ ಹೋಗೋರಿಗೆ ಯಾರು ಕೇಳ್ತರು?"

ಬೆಳಿಗ್ಗೆ ಬಸ್ಸಲ್ಲಿ ಹಾಕಿದ ಲೆಕ್ಕಕ್ಕೆ ಉತ್ತರ ಇಲ್ಲಿ ಸಿಕ್ಕಿತು. ನಮ್ಮ ಕಡೆಯ ಹೆಂಗಸರು ಒಬ್ಬೊಬ್ಬರೇ ಹೋಗದ ಜಾಗವೇ ಇಲ್ಲ. ಕತ್ತಲಲ್ಲಿ ತೋಟಕ್ಕೆ ಹೋಗ್ತಾರೆ, ಸೊಪ್ಪಿಗೆ ಕಾನಿಗೆ ಹೋಗ್ತಾರೆ, ಜ್ವರ ಬಂದ ಮಗುವನ್ನು ಎತ್ತಿಕೊಂಡು ಮಳೆಯಲ್ಲಿ ಎರಡು ಮೈಲಿ ನಡೀತಾರೆ. ಆಗ ಯಾರೂ ತಡೆಯೋದಿಲ್ಲ. ರಾತ್ರಿ ಹನ್ನೊಂದಕ್ಕೆ ಆಫೀಸ್ ಕ್ಯಾಬಿಂದ ಇಳಿಯುವ ನನ್ನನ್ನೂ ಯಾರೂ ಕೇಳಿದ್ದಿಲ್ಲ. ಕೆಲಸ ಇಲ್ಲದೆ, ತನ್ನ ಖುಷಿಗೆ ಅಂತ ಹೊರಟ ಕೂಡಲೇ ಪ್ರಶ್ನೆ ಬರ್ತದೆ. ಹಾಗಾದರೆ ಎಲ್ಲರ ಚಿಂತೆ ಪೂರ್ತಿಯಾಗಿ ದಾರಿಯ ಅಪಾಯದ್ದಲ್ಲ. ಅಪಾಯ ಬೆಳಗಿನ ನಾಲ್ಕು ಗಂಟೆಗೆ ಹೆಚ್ಚು, ಮಧ್ಯಾಹ್ನ ಎರಡಕ್ಕೆ ಕಡಿಮೆ. ಖುಷಿಗೆ ನಡೆಯೋದು ಒಂದು ಕೆಲಸ ಅಂತ ಇನ್ನೂ ಯಾರ ಲೆಕ್ಕದಲ್ಲೂ ಬಂದಿಲ್ಲ, ವಿಷಯ ಅಷ್ಟೇ.

ಅವರು ಅಘನಾಶಿನಿ ಕಡೆಗೆ ಹೋಗುವ ಒಳದಾರಿ ತೋರಿಸಿದರು. ಅರ್ಧ ದೂರ ಜೊತೆಗೇ ಬಂದರು. "ಮುಂದೆ ಜನ ಇದ್ರು, ಹೋಗು" ಅಂತ ವಾಪಸಾದರು.

ಕಾಗಾಲ ದಾಟುವಾಗ ನಾನಂದುಕೊಂಡ ಹಾಗೆ ನೀರು ಇಳಿದಿತ್ತು. ಬಂಡೆಯ ಗುಂಡಿಗಳಲ್ಲಿ ಸಣ್ಣ ಏಡಿ, ಶಂಖದ ಹುಳು. ಐದು ಗಂಟೆಗೆ ಅಘನಾಶಿನಿ ಊರು, ಎದುರಿಗೆ ಅದೇ ಹೆಸರಿನ ಹೊಳೆ, ಆಚೆ ದಡದಲ್ಲಿ ತದಡಿ. ದಾಟಲು ದೋಣಿ. ಬೈಕಿನವರು, ಶಾಲೆ ಮಕ್ಕಳು, ಮೀನಿನ ಬುಟ್ಟಿ, ನಾನು.

ದೋಣಿ ಹೊರಟಾಗ ನಮ್ಮ ಲಾಂಚ್ ನೆನಪಾಗದೆ ಹೇಗಿರ್ತದೆ? ಲಿಂಗನಮಕ್ಕಿ ಹಿನ್ನೀರಿನ ಆಚೆ ತುಮರಿ ಕಡೆಯವರು ಸುಮಾರು ಅರವತ್ತು ವರ್ಷ ಸಾಗರಕ್ಕೆ ಬರಲು ಲಾಂಚ್ ಕಾದರು. ಹೆರಿಗೆಗೂ, ಹಾವು ಕಚ್ಚಿದರೂ, ಪರೀಕ್ಷೆಗೂ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಯ್ತು, ಎರಡು ಕಿಲೋಮೀಟರಿಗೂ ಉದ್ದದ್ದು. ಪ್ರವಾಸಿಗಳಿಗೆ ಲಾಂಚ್ ಚಂದ. ಅಲ್ಲಿಯವರಿಗೆ ಸೇತುವೆ ಚಂದ. ತದಡಿಗೆ ದಾಟುವಾಗ ಹಾಯಾಗಿ ಗಾಳಿಗೆ ಮುಖ ಒಡ್ಡಿ ಕೂತಿದ್ದವಳು ನಾನೊಬ್ಬಳೇ. ಮಿಕ್ಕವರೆಲ್ಲ ಗಡಿಯಾರ ನೋಡ್ತಿದ್ದರು.

ಅಘನಾಶಿನಿ ಶರಾವತಿಯ ಪಕ್ಕದ ಮನೆಯ ಹುಡುಗಿ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಇಲ್ಲಿ ಕಡಲು ಸೇರ್ತಾಳೆ. ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟಿಲ್ಲ. ಅದರ ಫಲ ಈ ಅಳಿವೆಯಲ್ಲಿ ಕಾಣ್ತದೆ. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದುದ್ದ ನೀರಲ್ಲಿ ಬಳಚು ಹೆಕ್ಕುತ್ತಿದ್ದರು. ಸುತ್ತಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೀತಾರೆ, ಒಳಕ್ಕೆ ಸಾಣಿಕಟ್ಟೆಯಲ್ಲಿ ಉಪ್ಪು ತೆಗೀತಾರೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಜೌಗು ಪ್ರದೇಶದ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಶರಾವತಿ ನಮಗೆ ಕರೆಂಟು ಕೊಟ್ಟಳು. ನಾನು ಈ ಅಂಕಣ ಬರೆಯುವ ಲ್ಯಾಪ್‌ಟಾಪ್ ಸಹ ಆ ಋಣದಲ್ಲೇ ಓಡ್ತಿರೋದು. ಈಗ ಅವಳ ಮೇಲೆಯೇ ತಲಕಳಲೆ-ಗೇರುಸೊಪ್ಪೆ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು, ಅದಕ್ಕೆ ವಿರೋಧ ಎರಡೂ ನಡೀತಿದೆ. ಕಟ್ಟಿದ ಹೊಳೆಯ ಊರಿನವಳು ಕಟ್ಟದ ಹೊಳೆಯ ಬಾಯಲ್ಲಿ ನಿಂತಾಗ, ಯಾವುದು ಸರಿ ಅಂತ ಹೇಳೋ ಮೊದಲು ಇದನ್ನು ಒಂದು ಸಲ ನೋಡಿ ಅಂತ ಎಲ್ಲರಿಗೂ ಹೇಳಬೇಕು ಅನ್ನಿಸ್ತು.

ಯಾಕೆಂದರೆ ನಮ್ಮ ಅಮ್ಮಮ್ಮ ಮುಳುಗಡೆಯವಳು. ಹೊಸನಗರ ತಾಲ್ಲೂಕಿನ ಅವಳ ತವರು ಈಗ ನೀರಿನ ಅಡಿ. 1964ರಲ್ಲಿ ಲಿಂಗನಮಕ್ಕಿ ತುಂಬುವಾಗ ಅವಳಿಗೆ ಹದಿನೈದು. ಎಷ್ಟೋ ಬೇಸಿಗೆ ನೀರು ಇಳಿದಾಗ ಹಿನ್ನೀರಿನ ಅಂಚಿಗೆ ಕರೆದುಕೊಂಡು ಹೋಗಿ, "ಅಲ್ಲಿ ನಮ್ಮ ಕಣ ಇತ್ತು" ಅಂತ ತೋರಿಸ್ತಿದ್ದಳು. ಸಮುದ್ರವನ್ನು ಮಾತ್ರ ಅವಳು ಇಲ್ಲಿಯವರೆಗೂ ನೋಡಿದವಳಲ್ಲ.

ತದಡಿಯ ಹೋಂಸ್ಟೇ ಸೇರಿದಾಗ ಫೋನ್ ತೋರಿಸಿದ ಲೆಕ್ಕ ಹದಿನೈದು ಕಿಲೋಮೀಟರ್ ಚಿಲ್ಲರೆ. ಎರಡು ಬೊಬ್ಬೆ, ಒಂದು ಸುಟ್ಟ ಮೂಗು. ಅಕ್ಕ ಕೊಟ್ಟದ್ದು ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಸೋಲ್ ಕಡಿ. ಹೊರಡುವವರಿಗೆ ನನ್ನ ಕಡೆಯಿಂದ ಇಷ್ಟು: ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ, ಮೂರು ಲೀಟರ್ ನೀರು ಇರಲಿ, ಭರತ ಇಳಿತ ನೋಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ದೋಣಿಗೂ ಚಹಾಕ್ಕೂ ಚಿಲ್ಲರೆ ಹಣ ಇಟ್ಟುಕೊಳ್ಳಿ, ಚಾರಣಕ್ಕೆ ಅನುಮತಿ ಬೇಕಾ ಅಂತ ಹೊರಡುವ ವಾರ ವಿಚಾರಿಸಿ, ನಿಮ್ಮ ಕಸ ನಿಮ್ಮ ಬ್ಯಾಗಲ್ಲೇ ವಾಪಸ್ ತನ್ನಿ.

ರಾತ್ರಿ ಮೂರನೇ ಫೋನು. ತೋಪಿನ ವಿಷಯವನ್ನೂ ಅಮ್ಮನಿಗೆ ಹೇಳಿದೆ. ಮುಚ್ಚಿಟ್ಟರೆ ಮುಂದಿನ ಸಲ ಲೈವ್ ಲೊಕೇಶನ್ ಒಂದನ್ನೇ ನಂಬಬೇಕಾಗ್ತದೆ, ನನ್ನ ಮಾತನ್ನಲ್ಲ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ "ನಾಳೆ ಎಷ್ಟು ದೂರ?" ಅಂದಳು. ಬೇಡ ಬಾ ಅನ್ನಲಿಲ್ಲ.

ವಿಡಿಯೋ ನೋಡ್ತಿದ್ದ ಅಮ್ಮಮ್ಮ ಫೋನ್ ಕಸಿದುಕೊಂಡಳು. "ಅದು ನಮ್ಮ ಹೊಳೆ ನೀರೇನೇ?"

"ಅಲ್ಲ ಅಮ್ಮಮ್ಮ, ಇದು ಅಘನಾಶಿನಿ. ನಮ್ಮದು ಹೊನ್ನಾವರದಲ್ಲಿ ಸೇರೋದು."

"ಹೊನ್ನಾವರಕ್ಕೂ ಬಸ್ಸು ಫ್ರೀಯಾ?"

"ಹೌದು."

"ಹಂಗಾರೆ ನೀ ಬಂದ್ಮೇಲೆ ಒಂದಿನ ಹೋಗನ," ಅಂದಳು. ಸ್ವಲ್ಪ ತಡೆದು, "ನೀ ಬರದಿದ್ರೂ ಅಡ್ಡಿಲ್ಲ. ನಂಗೆ ಬಸ್ಸು ಹತ್ತಕ್ಕೆ ಬರ್ತದೆ."